ಋಣರಾಶಿಯ ವರ್ಗಮೂಲವೂ ಕ್ವಾಂಟಂ ಭೌತವಿಜ್ಞಾನವೂ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಕ್ವಾಂಟಂ ಭೌತವಿಜ್ಞಾನದ ಸಂಶೋಧನೆಯು ಈಗ ಯಾವ ದಿಕ್ಕಿಗೆ ಸಾಗಿದೆ, ಅದರ ಬುಡದಲ್ಲಿರುವ ಗಣಿತವು ಎಂತಹದು ಎಂಬದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ವಿಷಯವು ಗಹನವಾದದ್ದು, ವೇಳೆಯು ಸ್ವಲ್ಪ. ಆದಕಾರಣ ಅಡವಿಯಲ್ಲೆಲ್ಲ ಅಲೆಯದೆ ಒಂದೇ ಕಾಲುದಾರಿಯನ್ನು ಹಿಡಿದು ನಡೆಯುವದು ಲೇಸೆಂದು ಬಗೆದಿದ್ದೇನೆ. ಆ ಕಾಲುದಾರಿಯ ಮೊದಲಿನ ಕಲ್ಲು ಇರುವದು ದೂರದ ಜರ್ಮನಿಯಲ್ಲಲ್ಲ. ಇದೇ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮಳಖೇಡದ ಅರಸನ ಹೆಸರನ್ನು ಹೊತ್ತ ಒಂದು ಗ್ರಂಥದಲ್ಲಿ.

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನು ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವನ್ನು ರಾಜಧಾನಿಯಾಗಿ ಮಾಡಿಕೊಂಡು ಅರುವತ್ತು ವರ್ಷಗಳಿಗೂ ಮಿಕ್ಕಿ ಆಳಿದನೆಂಬದು ತಮಗೆಲ್ಲ ವಿದಿತವೇ ಆಗಿದೆ. ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತೆಂದು ನಾವು ಸಭೆ ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಅದೇ ಅರಸನನ್ನು ಆರಂಭದಲ್ಲಿ ಕೊಂಡಾಡಿ, ೮೫೦ರ ಸುಮಾರಿಗೆ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ವನ್ನು ನೆನೆಯುವವರು ವಿರಳ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಬಳಿಕ ಜಗತ್ತಿನ ಗಣಿತೇತಿಹಾಸಕಾರರು ಮಹಾವೀರನ ಕಡೆಗೆ ತಿರುಗಿ ನೋಡಿದರು.

ಆ ಗ್ರಂಥದಲ್ಲಿ ಧನ ಋಣ ರಾಶಿಗಳ ನಿಯಮಗಳನ್ನು ಹೇಳುವಾಗ ಮಹಾವೀರನು ಒಂದು ಮಾತನ್ನು ಖಚಿತವಾಗಿ ಆಡಿದ್ದಾನೆ. ಅದರ ತಾತ್ಪರ್ಯವಿಷ್ಟೆ: ಧನರಾಶಿಯ ವರ್ಗವೂ ಧನ, ಋಣರಾಶಿಯ ವರ್ಗವೂ ಧನ, ಹೀಗಿರಲು ಋಣರಾಶಿಯು ತನ್ನ ಸ್ವಭಾವದಿಂದಲೇ ಯಾವದರ ವರ್ಗವೂ ಅಲ್ಲ, ಆದಕಾರಣ ಅದಕ್ಕೆ ವರ್ಗಮೂಲವಿಲ್ಲ. ಅವನಿಗಿಂತ ಮೊದಲು, ೬೨೮ರಲ್ಲಿ, ಬ್ರಹ್ಮಗುಪ್ತನು ಋಣರಾಶಿಗಳ ಗುಣಾಕಾರ ಭಾಗಾಕಾರಗಳನ್ನು ಹೇಳಿದ್ದನು. ಆದರೆ ಋಣರಾಶಿಯ ವರ್ಗಮೂಲದ ಪ್ರಶ್ನೆಯನ್ನು ನೇರವಾಗಿ ಎದುರಿಸಿ ಇಷ್ಟು ಸ್ಪಷ್ಟವಾಗಿ 'ಇಲ್ಲ' ಎಂದವನು ಮಹಾವೀರನು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಮಳಖೇಡದಲ್ಲಿ ಕ್ವಾಂಟಂ ವಿಜ್ಞಾನವಿತ್ತೆಂದು ಹೇಳಲು ನಾನು ನಿಂತಿಲ್ಲ. ಅಂತಹ ಮಾತುಗಳಿಂದ ಪೂರ್ವಿಕರ ಗೌರವವು ಹೆಚ್ಚುವದಿಲ್ಲ. ನಮ್ಮ ವಿವೇಕವು ಕಡಿಮೆಯಾಗುವದು. ಯಾವದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುವದೆಂದು ಇದೇ ಮಹಾವೀರನು ಬರೆದಿದ್ದಾನೆ, ಅದು ತಪ್ಪು. ಪೂರ್ವಿಕರನ್ನು ಪರೀಕ್ಷಿಸಿ ಓದುವದೇ ಅವರಿಗೆ ಸಲ್ಲಿಸುವ ಮರ್ಯಾದೆ. ನಾನು ಹೇಳಹೊರಟಿರುವದು ಬೇರೆ. ಮಹಾವೀರನು ಕಾರಣಸಹಿತವಾಗಿ ಮುಚ್ಚಿದ ಆ ಬಾಗಿಲಿನ ಆಚೆಗೇ ಇಂದಿನ ಪರಮಾಣು ಜಗತ್ತಿನ ಗಣಿತವು ನಿಂತಿದೆ. 'ಋಣ ಒಂದರ ವರ್ಗಮೂಲವು ಈ ಸೃಷ್ಟಿಗೆ ನಿಜವಾಗಿಯೂ ಬೇಕೆ?' ಎಂಬ ಪ್ರಶ್ನೆಯು ಕಳೆದ ಐದಾರು ವರ್ಷಗಳಲ್ಲಿ ಪ್ರಯೋಗಶಾಲೆಗೆ ಬಂದಿದೆ. ಅದರ ವಾದವು ಇನ್ನೂ ನಡೆದಿದೆ. ಆ ವಾದದಲ್ಲಿ ನಮ್ಮ ಮಕ್ಕಳು ನಾಳೆ ಪಾಲುಗೊಳ್ಳುವರೋ ಇಲ್ಲವೋ ಎಂಬದು ಬಹುಮಟ್ಟಿಗೆ ತರಗತಿಯಲ್ಲಿ ನಾವು ಉಚ್ಚರಿಸುವ ಒಂದು ಪದವನ್ನು ಅವಲಂಬಿಸಿದೆ. ಆ ಪದವು ಯಾವದೆಂಬದನ್ನು ಕೊನೆಗೆ ನಿವೇದಿಸುವೆನು.

ಮೊದಲು, ಮುಚ್ಚಿದ ಬಾಗಿಲು ತೆರೆದದ್ದು ಹೇಗೆ? ೧೫೪೫ರಲ್ಲಿ ಇಟಲಿಯ ಕಾರ್ದಾನೋ ಎಂಬವನು ತನ್ನ ಗ್ರಂಥದಲ್ಲಿ ಋಣರಾಶಿಯ ವರ್ಗಮೂಲವನ್ನು ಬರೆದು, ಇದು ಸೂಕ್ಷ್ಮವಾದದ್ದಾದರೂ ನಿರುಪಯೋಗಿಯೆಂದು ಕೈಬಿಟ್ಟನು. ೧೫೭೨ರಲ್ಲಿ ಬೊಂಬೆಲ್ಲಿಯು ಅದನ್ನು ಕೈಗೆತ್ತಿಕೊಂಡನು. ಅವನ ಮುಂದಿದ್ದ ಲೆಕ್ಕವು ಹೀಗಿತ್ತು: ಯಾವ ಸಂಖ್ಯೆಯ ಘನವು ಆ ಸಂಖ್ಯೆಯ ೧೫ ಮಡಿಗೆ ೪ನ್ನು ಕೂಡಿಸಿದಷ್ಟಾಗುವದು? ಉತ್ತರವು ೪ ಎಂಬದನ್ನು ಯಾವ ಬಾಲಕನಾದರೂ ತಾಳೆ ನೋಡಬಹುದು: ೪ರ ಘನವು ೬೪, ೧೫ ನಾಲ್ಕಲೆ ೬೦, ಅದಕ್ಕೆ ೪ ಕೂಡಿದರೆ ೬೪. ಆದರೆ ಸೂತ್ರದ ಪ್ರಕಾರ ನಡೆದರೆ ನಡುವೆ ಋಣ ೧೨೧ರ ವರ್ಗಮೂಲವು ಅಡ್ಡ ಬರುವದು! ಬೊಂಬೆಲ್ಲಿಯು ಹೆದರಲಿಲ್ಲ. ಋಣ ಒಂದರ ವರ್ಗಮೂಲವನ್ನು ಒಂದು ಸಂಖ್ಯೆಯಂತೆಯೇ ಎಣಿಸಿ, ಕೂಡಿಸಿ, ಗುಣಿಸಿ ನಡೆದನು. ಕೊನೆಯಲ್ಲಿ ಅಡ್ಡ ಬಂದದ್ದೆಲ್ಲ ತಾನಾಗಿಯೇ ಕಳೆದುಹೋಗಿ ಶುದ್ಧವಾದ ೪ ಉಳಿಯಿತು. ಉತ್ತರವು ಈಚೆಯ ದಂಡೆಯಲ್ಲಿಯೇ ಇದ್ದಿತು. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಹೊಳೆಯ ನಡುವಿನ ಕಾಣದ ಕಲ್ಲಿನ ಮೇಲೆ ಕಾಲಿಡಬೇಕಾಯಿತು.

ಆದರೂ ಈ ಸಂಖ್ಯೆಯು ಏನು, ಎಲ್ಲಿದೆ ಎಂಬ ಶಂಕೆಯು ಉಳಿದೇ ಇತ್ತು. ೧೬೩೭ರಲ್ಲಿ ದೆಕಾರ್ತನು ಇವುಗಳನ್ನು 'ಕಾಲ್ಪನಿಕ' ಎಂದು ಕರೆದನು. ಆ ಹೆಸರು ಇಂದಿಗೂ ಅಂಟಿಕೊಂಡಿದೆ. ಆಯ್ಲರನು ೧೭೭೭ರಲ್ಲಿ ಇದಕ್ಕೆ 'ಐ' ಎಂಬ ಅಕ್ಷರವನ್ನು ಗುರುತಾಗಿ ಕೊಟ್ಟನು. ಡೆನ್ಮಾರ್ಕಿನ ವೆಸೆಲನು ೧೭೯೭ರಲ್ಲಿಯೂ, ಪ್ಯಾರಿಸಿನ ಆರ್ಗಾನನು ೧೮೦೬ರಲ್ಲಿಯೂ ಒಬ್ಬರನ್ನೊಬ್ಬರು ಅರಿಯದೆ ಇದರ ಮನೆಯನ್ನು ತೋರಿಸಿಕೊಟ್ಟರು. ಆ ಮನೆಯನ್ನು ನೋಡುವದಕ್ಕೆ ದೂರ ಹೋಗಬೇಕಾಗಿಲ್ಲ. ಈ ಭಾಗದ ಎಷ್ಟೋ ಶಾಲೆಗಳ ನೆಲಕ್ಕೆ ಶಹಾಬಾದಿ ಕಲ್ಲಿನ ಚೌಕಗಳನ್ನು ಹಾಸಿದ್ದಾರೆ. ಆ ನೆಲವನ್ನೇ ನೋಡಿರಿ.

ಚೌಕಗಳ ಒಂದು ಸಂದಿಯಲ್ಲಿ ಹುಡುಗನೊಬ್ಬನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿರಿ. ಪೂರ್ವದ ಕಡೆಗೆ ಎಣಿಸಿದ ಕಲ್ಲುಗಳು ಧನ. ಪಶ್ಚಿಮದ ಕಡೆಗೆ ಎಣಿಸಿದವು ಋಣ. ಋಣ ಒಂದರಿಂದ ಗುಣಿಸುವದೆಂದರೆ ಹುಡುಗನನ್ನು ಹಿಂದುಮುಂದಾಗಿ ತಿರುಗಿಸುವದು. ಎರಡು ಸಲ ತಿರುಗಿಸಿದರೆ ಮತ್ತೆ ಪೂರ್ವ. ಋಣ ಋಣ ಗುಣಿಸಿ ಧನವಾದದ್ದು ಇದೇ. ಈಗ ಕೇಳಿರಿ: ಎರಡು ಸಲ ಮಾಡಿದರೆ ಪೂರ್ಣ ಹಿಂದುಮುಂದಾಗುವಂತಹ ಕ್ರಿಯೆಯು ಯಾವದು? ಚುರುಕಾದ ಹುಡುಗಿಯೊಬ್ಬಳು ಕೂಡಲೆ ಹೇಳುವಳು: 'ಎಡಕ್ಕೆ ಕಾಲು ಸುತ್ತು ತಿರುಗುವದು.' ಒಂದು ಕಾಲು ಸುತ್ತಿಗೆ ಉತ್ತರ, ಇನ್ನೊಂದು ಕಾಲು ಸುತ್ತಿಗೆ ಪಶ್ಚಿಮ. ಆ ಕಾಲು ಸುತ್ತೇ ಋಣ ಒಂದರ ವರ್ಗಮೂಲ! ಬಲಕ್ಕೆ ತಿರುಗಿದರೂ ಅಷ್ಟೆ. ಅದು ಎರಡನೆಯ ಮೂಲ.

ಹೀಗೆ ನೋಡಿದರೆ ಮಹಾವೀರನ ಮಾತಿನಲ್ಲಿ ತಪ್ಪಿಲ್ಲ. ಪೂರ್ವ ಪಶ್ಚಿಮಗಳ ಒಂದೇ ಗೆರೆಯ ಮೇಲೆ ನಿಂತವನಿಗೆ ಋಣದ ಮೂಲವು ಎಂದೆಂದಿಗೂ ಸಿಕ್ಕದು. ಅದು ಗೆರೆಯ ಮೇಲಿಲ್ಲ, ನೆಲದ ಮೇಲಿದೆ. ಪೂರ್ವಕ್ಕೆ ಮೂರು ಕಲ್ಲು, ಉತ್ತರಕ್ಕೆ ನಾಲ್ಕು ಕಲ್ಲು ಎಂದು ಎರಡು ಅಳತೆಗಳಿಂದ ಹೇಳುವ ಸಂಖ್ಯೆಗೆ ಸಮ್ಮಿಶ್ರ ಸಂಖ್ಯೆಯೆಂದು ಹೆಸರು. ಗೌಸನು ೧೮೩೧ರಲ್ಲಿ, ಧನ ಋಣ ಕಾಲ್ಪನಿಕ ಎನ್ನುವ ಬದಲು ನೇರ, ಹಿಮ್ಮುಖ, ಪಾರ್ಶ್ವ ಎಂದು ಹೆಸರಿಟ್ಟಿದ್ದರೆ ಇದರ ಸುತ್ತ ಕತ್ತಲೆಯೇ ಕವಿಯುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟನು. ಒಂದು ಕೆಟ್ಟ ಹೆಸರು ಶತಮಾನಗಳ ಬುದ್ಧಿಯನ್ನು ಹೇಗೆ ಮಂಕುಗೊಳಿಸಬಲ್ಲದೆಂಬದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ಈಗ ಭೌತವಿಜ್ಞಾನಕ್ಕೆ ಬರೋಣ. ೧೯೦೦ನೆಯ ಇಸವಿಯ ದಶಂಬರದಲ್ಲಿ ಬರ್ಲಿನ್ನಿನ ಪ್ಲಾಂಕನು ಶಕ್ತಿಯು ಧಾರೆಯಂತೆ ಸುರಿಯದೆ ಹನಿ ಹನಿಯಾಗಿ ಬರುವದೆಂದು ಸೂಚಿಸಿದನು. ಆ ಹನಿಗೆ ಕ್ವಾಂಟಂ ಎಂದು ಹೆಸರಾಯಿತು. ೧೯೨೫ರಲ್ಲಿ ಹೈಸನ್‌ಬರ್ಗನು ಹೊಸ ಯಂತ್ರಶಾಸ್ತ್ರದ ಬೀಜವನ್ನು ಬಿತ್ತಿದನು. ಮ್ಯಾಕ್ಸ್ ಬಾರ್ನ್ ಹಾಗೂ ಯೋರ್ಡಾನರು ಅದರ ಮೂಲ ಸಮೀಕರಣವನ್ನು ಬರೆದಾಗ ಅದರ ನಟ್ಟನಡುವೆ ಈ ಐ ಬಂದು ಕುಳಿತಿತು. ೧೯೨೬ರಲ್ಲಿ ಶ್ರೋಡಿಂಗರನು ಬೇರೆ ದಾರಿಯಿಂದ ತರಂಗ ಸಮೀಕರಣವನ್ನು ಕಂಡುಹಿಡಿದನು. ಅಲ್ಲಿಯೂ ಅದೇ ಐ. ಶ್ರೋಡಿಂಗರನಿಗೆ ಇದು ಹಿಡಿಸಲಿಲ್ಲ. ಈ ಸಮ್ಮಿಶ್ರ ಸಂಖ್ಯೆಯ ಉಪಯೋಗವು ಅಹಿತಕರವೆಂದೂ, ತರಂಗವು ಮೂಲತಃ ವಾಸ್ತವ ಸಂಖ್ಯೆಯದೇ ಆಗಿರಬೇಕೆಂದೂ ಅವನು ಆ ವರ್ಷದ ಜೂನ್ ತಿಂಗಳಿನಲ್ಲಿ ಲೊರೆಂಟ್ಸ್ ಮಹಾಶಯನಿಗೆ ಪತ್ರ ಬರೆದನು. ಒಂಬತ್ತನೆಯ ಶತಮಾನದಲ್ಲಿ ಎದ್ದ ಆಕ್ಷೇಪವೇ ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ಮುಖದಿಂದ ಕೇಳಿಬಂದಿತೆನ್ನಬಹುದು.

ಐ ಎಂಬದು ಪರಮಾಣುವಿಗೇಕೆ ಬೇಕಾಯಿತು? ವಾಡಿ ಜಂಕ್ಷನ್ನಿನಲ್ಲಿ ಇಳಿದ ಪ್ರಯಾಣಿಕನು ಸಿಕಂದರಾಬಾದಿನ ದಾರಿಯನ್ನಾದರೂ ಹಿಡಿಯುವನು, ರಾಯಚೂರಿನ ದಾರಿಯನ್ನಾದರೂ ಹಿಡಿಯುವನು. ಎರಡನ್ನೂ ಏಕಕಾಲಕ್ಕೆ ಹಿಡಿಯಲಾರನು. ಒಂದು ಇಲೆಕ್ಟ್ರಾನಿನ ಮುಂದೆ ಎರಡು ಸೀಳುಗಳಿದ್ದಾಗ, ಅದು ಯಾವದರಿಂದ ಹೋಯಿತೆಂದು ಯಾರೂ ನೋಡದಿದ್ದರೆ, ಎರಡೂ ದಾರಿಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಗುವದು. ಪ್ರತಿಯೊಂದು ದಾರಿಗೂ ಒಂದು ಬಾಣವಿದೆಯೆಂದು ತಿಳಿಯಿರಿ. ಶಹಾಬಾದಿ ನೆಲದ ಮೇಲೆ ಒಂದು ಬಾಣದ ತುದಿಗೆ ಇನ್ನೊಂದರ ಬುಡವನ್ನು ಹಚ್ಚಿ ಬರೆಯಿರಿ; ಮೊದಲಿನ ಬುಡದಿಂದ ಕೊನೆಯ ತುದಿಗೆ ಎಷ್ಟು ದೂರವೋ ಅದರ ವರ್ಗವೇ ಇಲೆಕ್ಟ್ರಾನು ಅಲ್ಲಿ ಸಿಕ್ಕುವ ಸಂಭವದ ಅಳತೆ. ಈ ವರ್ಗದ ನಿಯಮವನ್ನು ೧೯೨೬ರಲ್ಲಿ ಕೊಟ್ಟವನು ಬಾರ್ನನು.

ಇದರ ಫಲವು ಸೋಜಿಗದ್ದು. ಒಂದೊಂದು ಬಾಣದ ಉದ್ದವೂ ಒಂದು ಕಲ್ಲು ಎಂದಿಟ್ಟುಕೊಳ್ಳೋಣ. ಒಂದೊಂದು ದಾರಿಗೆ ಪ್ರತ್ಯೇಕವಾಗಿ ಸಂಭವದ ಅಳತೆಯು ೧. ಎರಡು ಬಾಣಗಳೂ ಪೂರ್ವಕ್ಕಿದ್ದರೆ ಒಟ್ಟು ಉದ್ದ ೨, ಅದರ ವರ್ಗ ೪. ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಇದ್ದರೆ ಉದ್ದ ೦, ಸಂಭವವೂ ೦. ಒಂದು ಪೂರ್ವಕ್ಕೆ ಒಂದು ಉತ್ತರಕ್ಕೆ ಇದ್ದರೆ ಕರ್ಣದ ವರ್ಗವು ೨. ಅಂದರೆ ಒಂದು ಒಂದು ಕೂಡಿ ನಾಲ್ಕೂ ಆಗಬಹುದು, ಎರಡೂ ಆಗಬಹುದು, ಏನೂ ಇಲ್ಲದೆಯೂ ಹೋಗಬಹುದು. ಎರಡು ದಾರಿಗಳು ತೆರೆದಿರುವದರಿಂದಲೇ ಇಲೆಕ್ಟ್ರಾನು ಕೆಲವು ಸ್ಥಳಗಳಿಗೆ ಮುಟ್ಟದೆ ಹೋಗುವದು! ಮತ್ತು ಕಾಲವು ಸಾಗಿದಂತೆ ಬಾಣವು ಗಡಿಯಾರದ ಮುಳ್ಳಿನಂತೆ ತಿರುಗುತ್ತ ಹೋಗುವದು. ಶಕ್ತಿ ಹೆಚ್ಚಿದ್ದಷ್ಟೂ ತಿರುಗುವ ವೇಗ ಹೆಚ್ಚು. ತಿರುಗುವಾಗ ಉದ್ದವು ಬದಲಾಗದು. ಆದಕಾರಣ ಒಟ್ಟು ಸಂಭವವು ಹೆಚ್ಚುಕಡಿಮೆಯಾಗದು. ಉದ್ದವನ್ನು ಕೆಡಿಸದೆ ನಿರಂತರವಾಗಿ ಬದಲಾಗುವ ಈ ಕ್ರಮವನ್ನು ಐ ಎಂಬ ಕಾಲು ಸುತ್ತು ಅತ್ಯಂತ ಸರಳವಾಗಿ ಹೇಳಿಕೊಡುವದು.

ಈ ತಳಹದಿಯ ಮೇಲೆ ಇಂದಿನ ಸಂಶೋಧನೆಯ ಮೂರು ದಿಕ್ಕುಗಳನ್ನು ತೋರಿಸುವೆನು.

ಮೊದಲನೆಯ ದಿಕ್ಕು: ಐ ಅನಿವಾರ್ಯವೆ, ಬರಿಯ ಅನುಕೂಲವೆ? ಬಾಣವನ್ನು ಪೂರ್ವಕ್ಕಿಷ್ಟು ಉತ್ತರಕ್ಕಿಷ್ಟು ಎಂದು ಎರಡು ವಾಸ್ತವ ಸಂಖ್ಯೆಗಳಿಂದಲೇ ಬರೆಯಬಹುದಲ್ಲ, ಹೊಸ ಸಂಖ್ಯೆ ಏಕೆಂದು ತಾವು ಕೇಳಬಹುದು. ಒಂದೇ ವಸ್ತುವಿನ ಮಟ್ಟಿಗೆ ಅದು ನಿಜ. ಗಣಿತಜ್ಞರೂ ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳಿದ್ದಾರೆ. ೧೯೩೬ರಲ್ಲಿ ಬರ್ಕಾಫ್ ಹಾಗೂ ಫಾನ್ ನಾಯ್ಮನ್ನರು ಕ್ವಾಂಟಂ ಜಗತ್ತಿನ ತರ್ಕವೇ ಬೇರೆಯೆಂದು ತೋರಿಸಿ, ಅದು ಯಾವ ಸಂಖ್ಯೆಗಳ ಮೇಲೆ ನಿಲ್ಲಬಲ್ಲದೆಂಬ ವಿಚಾರಕ್ಕೆ ದಾರಿ ಮಾಡಿದರು. ೧೯೩೭ರಲ್ಲಿ ಬೆಂಗಳೂರಿನಲ್ಲಿ ಜನಿಸಿ ಮುಂದೆ ಅಮೇರಿಕೆಯಲ್ಲಿ ಪ್ರಾಧ್ಯಾಪಕರಾದ ವಿ. ಎಸ್. ವರದರಾಜನ್ ಅವರು ೧೯೬೮ರಲ್ಲಿ ಪ್ರಕಟಿಸಿದ ಕ್ವಾಂಟಂ ಸಿದ್ಧಾಂತದ ಜ್ಯಾಮಿತಿಯ ಗ್ರಂಥವು ಈ ವಿಷಯದ ಆಧಾರಗ್ರಂಥಗಳಲ್ಲಿ ಒಂದು. ೧೯೯೫ರಲ್ಲಿ ವಿದುಷಿ ಸೋಲೇರ್ ಎಂಬವರು ಸಾಧಿಸಿದ ಪ್ರಮೇಯದಂತೆ, ಕೆಲವು ಯುಕ್ತವಾದ ನಿಯಮಗಳನ್ನು ಒಪ್ಪಿದರೆ ಅನಂತ ಆಯಾಮದ ಕ್ವಾಂಟಂ ರಚನೆಗೆ ಮೂರೇ ಬಗೆಯ ಸಂಖ್ಯೆಗಳು ಸಲ್ಲುವವು: ವಾಸ್ತವ, ಸಮ್ಮಿಶ್ರ, ಹಾಗೂ ನಾಲ್ಕು ಅಳತೆಗಳ ಹ್ಯಾಮಿಲ್ಟನ್ ಸಂಖ್ಯೆ. ಇವುಗಳಲ್ಲಿ ನಿಸರ್ಗವು ಆರಿಸಿಕೊಂಡದ್ದು ಯಾವದು?

೨೦೨೧ರ ದಶಂಬರದಲ್ಲಿ ಬಾರ್ಸಿಲೋನಾ, ವಿಯೆನ್ನಾ ಮೊದಲಾದ ಪಟ್ಟಣಗಳ ಸಂಶೋಧಕರು ಇದನ್ನು ಪ್ರಯೋಗದಿಂದ ನಿರ್ಣಯಿಸಬಹುದೆಂದು ತೋರಿಸಿದರು. ಅದರ ಹಂಚಿಕೆಯನ್ನು ನಮ್ಮ ರೈಲು ದಾರಿಯ ಮೇಲೆಯೇ ಕಲ್ಪಿಸಿಕೊಳ್ಳಿರಿ. ಶಹಾಬಾದ, ವಾಡಿ, ಚಿತ್ತಾಪುರ ಎಂಬ ಮೂರು ಠಾಣೆಗಳಲ್ಲಿ ಮೂವರು ಪರೀಕ್ಷಕರು. ಶಹಾಬಾದ ವಾಡಿಗಳ ನಡುವಿನ ಒಂದು ಮೂಲದಿಂದ ಒಂದು ಜೋಡಿ ಕಣಗಳು ಹೊರಟು ಒಂದೊಂದು ಕಡೆಗೆ ಒಂದೊಂದು ಹೋಗುವವು; ವಾಡಿ ಚಿತ್ತಾಪುರಗಳ ನಡುವಿನ ಬೇರೊಂದು ಸ್ವತಂತ್ರ ಮೂಲದಿಂದ ಇನ್ನೊಂದು ಜೋಡಿ. ಪ್ರತಿ ಜೋಡಿಯ ಕಣಗಳು ಒಂದಕ್ಕೊಂದು ಹೆಣೆದುಕೊಂಡಿವೆ; ಅಂತಹ ಹೆಣಿಗೆಯು ನಿಜವೆಂದು ಸಿದ್ಧಮಾಡಿದ ಪ್ರಯೋಗಗಳಿಗಾಗಿಯೇ ಆಸ್ಪೆ, ಕ್ಲೌಸರ್, ತ್ಸೈಲಿಂಗರ್ ಎಂಬ ಮೂವರಿಗೆ ೨೦೨೨ರಲ್ಲಿ ನೋಬೆಲ್ ಪಾರಿತೋಷಕವು ದೊರೆಯಿತು. ವಾಡಿಯವನು ತನಗೆ ಬಂದ ಎರಡು ಕಣಗಳನ್ನು ಒಟ್ಟಾಗಿ ಪರೀಕ್ಷಿಸುವನು. ಉಳಿದಿಬ್ಬರು ತಮ್ಮ ತಮ್ಮ ಕಣಗಳನ್ನು ಪರೀಕ್ಷಿಸುವರು. ಮೂವರ ಫಲಗಳನ್ನು ಕೂಡಿಸಿ ಒಂದು ಅಂಕವನ್ನು ಕಟ್ಟುವರು. ವಾಸ್ತವ ಸಂಖ್ಯೆಗಳಿಂದ ಮಾತ್ರ ಕಟ್ಟಿದ ಕ್ವಾಂಟಂ ಸಿದ್ಧಾಂತದಲ್ಲಿ ಆ ಅಂಕವು ೭.೬೬ನ್ನು ಮೀರಲಾರದು, ಸಮ್ಮಿಶ್ರ ಸಂಖ್ಯೆಗಳದರಲ್ಲಿ ೮.೪೯ರ ವರೆಗೆ ಏರಬಹುದು. ೨೦೨೨ರಲ್ಲಿ ಚೀನದ ವಿಜ್ಞಾನಿಗಳು ಅತಿವಾಹಕ ವಿದ್ಯುನ್ಮಂಡಲಗಳ ಮೇಲೆ ಇದೇ ಪಂದ್ಯವನ್ನು ಆಡಿಸಿ ೮.೦೯ನ್ನು ಪಡೆದರು.

ಇಲ್ಲಿಗೆ ವಾದವು ಮುಗಿಯಿತೆಂದು ತಿಳಿಯಬಾರದು. ಆ ನಿರ್ಣಯದ ಹಿಂದೆ ಒಂದು ಷರತ್ತಿತ್ತು: ಎರಡು ಸ್ವತಂತ್ರ ವಸ್ತುಗಳನ್ನು ಒಟ್ಟಿಗೆ ವರ್ಣಿಸುವ ಕ್ರಮವು ರೂಢಿಯಲ್ಲಿರುವ ಗುಣಾಕಾರದ ಕ್ರಮವೇ ಆಗಿರಬೇಕು. ೨೦೨೫ರಲ್ಲಿ ಜರ್ಮನಿ ಹಾಗೂ ಫ್ರಾನ್ಸ್ ದೇಶಗಳ ಸಂಶೋಧಕರು ಆ ಷರತ್ತನ್ನೇ ಬದಲಿಸಿ, ಕೂಡಿಸುವ ಕ್ರಮವನ್ನು ಬೇರೆಯಾಗಿಟ್ಟುಕೊಂಡರೆ ವಾಸ್ತವ ಸಂಖ್ಯೆಗಳಿಂದಲೂ ಅವೇ ಫಲಗಳನ್ನು ಪಡೆಯಬಹುದೆಂದು ಬರೆದರು. ಆದರೆ ಅಂತಹ ರಚನೆಯಲ್ಲಿ ಕಾಲು ಸುತ್ತಿನ ಕೆಲಸವು ಬೇರೊಂದು ವೇಷದಿಂದ ನಡೆದೇ ಇರುವದು. ಹಾಗಾದರೆ ಅನಿವಾರ್ಯವಾದದ್ದು ಐ ಎಂಬ ಚಿಹ್ನೆಯೋ, ಅದು ಮಾಡುವ ಕೆಲಸವೋ? ನೋಡಿರಿ, ಮಹಾವೀರನ 'ಇಲ್ಲ'ದಿಂದ ಹೊರಟ ಪ್ರಶ್ನೆಯು ಎಲ್ಲಿಗೆ ಬಂದು ನಿಂತಿದೆ!

ಎರಡನೆಯ ದಿಕ್ಕು: ಬಾಣದ ಉದ್ದದ ವರ್ಗವನ್ನೇ ಏಕೆ ತೆಗೆದುಕೊಳ್ಳಬೇಕು, ಘನವನ್ನೇಕಲ್ಲ? ಈ ನಿಯಮವನ್ನು ಕೊಟ್ಟ ಬಾರ್ನನು ಹಿಟ್ಲರನ ಆಳಿಕೆಯಲ್ಲಿ ಜರ್ಮನಿಯನ್ನು ಬಿಡಬೇಕಾಗಿ ಬಂದ ಬಳಿಕ, ಸರ್ ಸಿ. ವಿ. ರಾಮನ್ನರ ಆಮಂತ್ರಣದ ಮೇಲೆ ೧೯೩೫-೩೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದನು. ಅವನ ನಿಯಮವನ್ನು ಪರೀಕ್ಷಿಸುವ ಒಂದು ಅಂದವಾದ ಉಪಾಯವಿದೆ. ವರ್ಗದ ನಿಯಮವು ಸರಿಯಾಗಿದ್ದರೆ, ಮೂರು ಸೀಳುಗಳಿರುವಾಗ ಎರಡೆರಡು ದಾರಿಗಳ ಪರಸ್ಪರ ಪರಿಣಾಮಗಳನ್ನು ಕೂಡಿಸಿದರೆ ಎಲ್ಲ ಲೆಕ್ಕವೂ ತೀರಬೇಕು. ಮೂರೂ ದಾರಿಗಳ ಹೊಸದೊಂದು ಪರಿಣಾಮವು ಉಳಿಯಕೂಡದು. ಉರ್ವಶಿ ಸಿನ್ಹಾ ಹಾಗೂ ಸಹೋದ್ಯೋಗಿಗಳು ಕೆನಡಾದಲ್ಲಿ ಬೆಳಕಿನಿಂದ ಈ ಪ್ರಯೋಗವನ್ನು ಮಾಡಿ ೨೦೧೦ರಲ್ಲಿ ಪ್ರಕಟಿಸಿದರು. ಉಳಿಕೆಯೇನಾದರೂ ಇದ್ದರೆ ಅದು ಎರಡು ದಾರಿಗಳ ಪರಿಣಾಮದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯೆಂದು ತಿಳಿದುಬಂದಿತು. ಅದೇ ವಿದುಷಿಯು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಒಂದು ಸೀಳಿನಿಂದ ಹೋಗಿ ಇನ್ನೊಂದನ್ನು ಬಳಸಿ ಬರುವ ವಕ್ರವಾದ ದಾರಿಗಳಿಂದಲೂ ಅತಿ ಸೂಕ್ಷ್ಮವಾದ ಉಳಿಕೆಯು ತೋರಬಹುದೆಂದು ಅಲ್ಲಿಯ ಬಳಗವು ೨೦೧೪ರಲ್ಲಿ ಲೆಕ್ಕ ಹಾಕಿತು. ನಿಯಮವನ್ನು ಪೂಜಿಸುವದಲ್ಲ, ತೂಗಿ ನೋಡುವದೇ ವಿಜ್ಞಾನದ ಮಾರ್ಗವು.

ಮೂರನೆಯ ದಿಕ್ಕು: ಬಾಣದ ತಿರುವಿನಲ್ಲಿ ಅಡಗಿದ ಜ್ಯಾಮಿತಿ. ಇದು ನಮ್ಮ ನಾಡಿನಲ್ಲಿಯೇ ಮೊಳೆತದ್ದು. ೧೯೫೬ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಎಂಬ ೨೨ ವರ್ಷದ ತರುಣನು, ಬೆಳಕಿನ ಕಂಪನದ ರೀತಿಯನ್ನು ಹಂತ ಹಂತವಾಗಿ ಬದಲಿಸುತ್ತ ಮತ್ತೆ ಮೊದಲಿನ ರೀತಿಗೇ ತಂದರೂ ಬಾಣವು ಮೊದಲಿನ ದಿಕ್ಕಿಗೆ ಬರದೆ ಸ್ವಲ್ಪ ತಿರುಗಿರುವದೆಂದು ಕಂಡುಹಿಡಿದನು. ಎಷ್ಟು ತಿರುವು ಎಂಬದು, ಆ ಬದಲಾವಣೆಗಳನ್ನು ಒಂದು ಗೋಲದ ಮೇಲೆ ಗುರುತಿಸಿದಾಗ ಸುತ್ತುವರಿದ ಕ್ಷೇತ್ರವನ್ನು ಮಾತ್ರ ಅವಲಂಬಿಸಿದೆ.

ಇದಕ್ಕೆ ದೃಷ್ಟಾಂತ: ಒಬ್ಬನು ಭೂಮಧ್ಯರೇಖೆಯ ಮೇಲೆ ಉತ್ತರಕ್ಕೆ ಭರ್ಚಿಯನ್ನು ಚಾಚಿ ಹಿಡಿದು ಹೊರಟು ಉತ್ತರ ಧ್ರುವಕ್ಕೆ ಹೋಗಲಿ. ಭರ್ಚಿಯನ್ನು ಕೈಯಲ್ಲಿ ತಿರುಗಿಸದೆ ಹಾಗೆಯೇ ಹಿಡಿದು ಅಲ್ಲಿಂದ ಬೇರೊಂದು ರೇಖೆಯ ಗುಂಟ ಕೆಳಗಿಳಿದು, ಭೂಮಧ್ಯರೇಖೆಯ ಮೇಲೆ ನಡೆದು ಹೊರಟಲ್ಲಿಗೆ ಮರಳಲಿ. ಒಮ್ಮೆಯೂ ತಿರುಗಿಸದಿದ್ದರೂ ಭರ್ಚಿಯು ಈಗ ಉತ್ತರಕ್ಕೆ ಇರುವದಿಲ್ಲ! ತಿರುಗಿಸಿದ್ದು ಕೈಯಲ್ಲ, ಭೂಮಿಯ ದುಂಡುತನ. ೧೯೮೪ರಲ್ಲಿ ಇಂಗ್ಲಂಡದ ಮೈಕೆಲ್ ಬೆರಿಯವರು ಕ್ವಾಂಟಂ ಜಗತ್ತಿನಲ್ಲೆಲ್ಲ ಇಂತಹ ತಿರುವು ಉಂಟೆಂದು ತೋರಿಸಿ ಕೀರ್ತಿಶಾಲಿಗಳಾದರು. ೧೯೮೬ರಲ್ಲಿ ಬೆಂಗಳೂರಿನ ರಾಮಶೇಷನ್ ಹಾಗೂ ನಿತ್ಯಾನಂದ ಅವರು, ಇದರ ಒಂದು ರೂಪವು ಪಂಚರತ್ನಂನ ಲೇಖನದಲ್ಲಿ ಆಗಲೇ ಇದೆಯೆಂದು ಎತ್ತಿ ತೋರಿಸಿದರು. ಬೆರಿಯವರೂ ಅದನ್ನು ಉದಾರವಾಗಿ ಒಪ್ಪಿಕೊಂಡರು. ಆ ತರುಣನು ೧೯೬೯ರಲ್ಲಿಯೇ ತೀರಿಹೋಗಿದ್ದನು. ಇಂದು ಹೊಸ ಬಗೆಯ ಪದಾರ್ಥಗಳ ಶೋಧಕ್ಕೆ ಈ ಜ್ಯಾಮಿತಿಯು ಕೀಲಿಕೈಯಾಗಿದೆ; ಇದಕ್ಕೆ ಸಮೀಪದ ಗಣಿತದ ಕೆಲಸಕ್ಕಾಗಿ ೨೦೧೬ರಲ್ಲಿ ಥೌಲೆಸ್, ಹಾಲ್ಡೇನ್, ಕಾಸ್ಟರ್ಲಿಟ್ಜ್ ಎಂಬವರಿಗೆ ನೋಬೆಲ್ ಪಾರಿತೋಷಕವು ಸಂದಿತು.

ಇದೆಲ್ಲದರಿಂದ ಜನರಿಗೇನು ಪ್ರಯೋಜನವೆಂದು ಕೇಳುವವರೂ ಇದ್ದಾರೆ. ಕೇಳುವದು ಅವರ ಹಕ್ಕು. ಬಾಣಗಳು ಕೂಡಿಕೊಳ್ಳುವ ಹಾಗೂ ಅಳಿಸಿಹೋಗುವ ಗುಣವನ್ನೇ ಉಪಯೋಗಿಸಿಕೊಂಡು, ತಪ್ಪು ಉತ್ತರಗಳ ಬಾಣಗಳು ಅಳಿಸಿಹೋಗುವಂತೆಯೂ ಸರಿಯುತ್ತರದ ಬಾಣಗಳು ಒಂದುಗೂಡುವಂತೆಯೂ ಹೆಣೆದ ಯಂತ್ರವೇ ಕ್ವಾಂಟಂ ಗಣಕವು. ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಇದರಿಂದ ಬೇಗ ಕಂಡುಹಿಡಿಯಬಹುದೆಂದು ಪೀಟರ್ ಶೋರ್ ೧೯೯೪ರಲ್ಲಿ ಸಾಧಿಸಿದನು. ಬ್ಯಾಂಕುಗಳ ಗುಪ್ತಲಿಪಿಗಳಲ್ಲಿ ಬಹಳಷ್ಟು ಆ ಅಪವರ್ತನದ ಕಷ್ಟದ ಮೇಲೆಯೇ ನಿಂತಿವೆ. ಹೊರಗಿನ ಅಲ್ಪ ಕಂಪನದಿಂದಲೂ ಬಾಣಗಳು ದಿಕ್ಕುಗೆಡುವದೇ ದೊಡ್ಡ ತೊಡಕು. ಆ ದೋಷವನ್ನು ತಿದ್ದುವ ಗಣಿತದಲ್ಲಿ ೨೦೨೪ರ ದಶಂಬರದಲ್ಲಿ ಗೂಗಲ್ ಸಂಸ್ಥೆಯು ೧೦೫ ಕ್ಯೂಬಿಟ್ಟುಗಳ ಚಿಪ್ಪಿನ ಮೇಲೆ ಒಂದು ಮುಖ್ಯ ಹೆಜ್ಜೆಯನ್ನಿಟ್ಟಿತು: ದೋಷ ತಿದ್ದುವ ಏರ್ಪಾಡನ್ನು ದೊಡ್ಡದು ಮಾಡಿದಂತೆಲ್ಲ ದೋಷವು ಕಡಿಮೆಯಾಯಿತು. ಭಾರತ ಸರಕಾರವು ೨೦೨೩ರ ಏಪ್ರಿಲ್ ೧೯ರಂದು ೬,೦೦೩.೬೫ ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಗಣಕಕ್ಕೆ ಸಂಬಂಧಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಮಹಾಶಯರೇ, ಕೋಟಿಗಳು ಬೆಂಗಳೂರಿಗೆ ಬಂದವು. ಚಿಂಚೋಳಿಯ ಬಾಲಕಿಗೆ ಏನು ಬಂದಿತು? ನನ್ನ ಮಾತಿನ ತಿರುಳು ಇಲ್ಲಿದೆ. ಹತ್ತನೆಯ ತರಗತಿಯಲ್ಲಿ ವರ್ಗಸಮೀಕರಣಗಳನ್ನು ಕಲಿಸುವಾಗ ಶೋಧಕವು ಋಣವಾಗಿ ಬಂದರೆ ಪಠ್ಯಪುಸ್ತಕವು 'ವಾಸ್ತವ ಮೂಲಗಳಿಲ್ಲ' ಎನ್ನುವದು. ಅವಸರದಲ್ಲಿ ನಮ್ಮ ಬಾಯಿಂದ ಬರುವದು 'ಮೂಲಗಳಿಲ್ಲ' ಎಂಬಿಷ್ಟೇ. ಬಿಟ್ಟುಹೋದದ್ದು 'ವಾಸ್ತವ' ಎಂಬ ಒಂದೇ ಪದ. ಆದರೆ ಅದರೊಡನೆ ಬೊಂಬೆಲ್ಲಿಯಿಂದ ಪಂಚರತ್ನಂನ ವರೆಗಿನ ದಾರಿಯೆಲ್ಲ ಬಿಟ್ಟುಹೋಯಿತು. ಮುಂದಿನ ವರ್ಷ ಅದೇ ಮಗುವು ಪದವಿಪೂರ್ವ ತರಗತಿಗೆ ಹೋಗಿ ಸಮ್ಮಿಶ್ರ ಸಂಖ್ಯೆಯನ್ನು ಕಾಣುವದು. ನ್ಯಾಯವಾಗಿ ಅದು ಕೇಳಬೇಕಾದ ಪ್ರಶ್ನೆ: 'ನಿನ್ನೆ ಇಲ್ಲವಾದದ್ದು ಇಂದು ಹೇಗೆ ಬಂದಿತು?' ಉತ್ತರವು ಸಿಕ್ಕದಿದ್ದರೆ ಅದು ಗಣಿತವೆಂದರೆ ಗುರುಗಳ ಮರ್ಜಿಯೆಂದು ತಿಳಿದು ಬಾಯಿಪಾಠಕ್ಕೆ ತೊಡಗುವದು. ಮಹಾವೀರನಾದರೂ ಕಾರಣ ಕೊಟ್ಟು 'ಇಲ್ಲ' ಎಂದನು. ಕಾರಣವಿರುವ 'ಇಲ್ಲ'ವು ದಾರಿಯ ಕಂಬ. ಕಾರಣವಿಲ್ಲದ 'ಇಲ್ಲ'ವು ಗೋಡೆ.

ಆದಕಾರಣ ನನ್ನ ವಿನಂತಿಗಳು ಮೂರೇ. ಒಂದನೆಯದು, 'ವಾಸ್ತವ' ಎಂಬ ಪದವನ್ನು ಎಂದಿಗೂ ನುಂಗಬಾರದು. 'ಈ ಗೆರೆಯ ಮೇಲೆ ಇಲ್ಲ, ಮುಂದೆ ಎಲ್ಲಿದೆ ನೋಡುವಿರಿ' ಎಂದು ಮಗುವಿಗೆ ಭರವಸೆ ಕೊಡಬೇಕು. ಎರಡನೆಯದು, ಸೀಮೆಸುಣ್ಣದ ಒಂದು ತುಂಡನ್ನು ಹಿಡಿದು ಶಹಾಬಾದಿ ಕಲ್ಲಿನ ನೆಲದ ಮೇಲೆ ಕಾಲು ಸುತ್ತನ್ನು ಒಮ್ಮೆ ಮಾಡಿ ತೋರಿಸಬೇಕು. ಇದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ, ಅರ್ಧ ತಾಸು ಸಾಕು. ಮೂರನೆಯದು, ಇದನ್ನು ಕನ್ನಡದಲ್ಲಿ ಹೇಳಬೇಕು. ಕನ್ನಡದಲ್ಲಿ ಗಣಿತವು ಹೇಳಬರದೆಂಬವರಿಗೆ ಹನ್ನೆರಡನೆಯ ಶತಮಾನದಲ್ಲಿಯೇ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ ರಾಜಾದಿತ್ಯನೇ ಉತ್ತರವಾಗಿದ್ದಾನೆ. 'ಕಾಲ್ಪನಿಕ'ವೆಂಬ ಹಳೆಯ ಪರಕೀಯ ತಪ್ಪನ್ನು ನಾವೇಕೆ ಹೊರಬೇಕು? ಪರೀಕ್ಷೆಗೆ ಬೇಕಾದ ಪದವನ್ನು ಕಲಿಸಿರಿ. ಅದರ ಜೊತೆಗೆ ತಿಳಿವಳಿಕೆಗಾಗಿ 'ಪಾರ್ಶ್ವಸಂಖ್ಯೆ'ಯೆಂದೋ 'ಕಾಲುಸುತ್ತು' ಎಂದೋ ಹೇಳಿರಿ. ಹೆಸರು ಸರಿಯಾದರೆ ಅರ್ಧ ಪಾಠವು ಮುಗಿಯಿತು.

ಮಳಖೇಡದ ಕೋಟೆಯು ಇಂದು ಹಾಳುಬಿದ್ದಿದೆ. ಅದರ ಕಲ್ಲುಗಳನ್ನು ಎಣಿಸುತ್ತ ನಿಟ್ಟುಸಿರು ಬಿಡುವದು ಸುಲಭ. ಆದರೆ ಆ ಕಾಲದಲ್ಲಿ ಕೇಳಿದ ಪ್ರಶ್ನೆಯು ಹಾಳುಬಿದ್ದಿಲ್ಲ. ಅದು ಬಾರ್ಸಿಲೋನಾದಲ್ಲಿದೆ, ವಿಯೆನ್ನಾದಲ್ಲಿದೆ, ಬೆಂಗಳೂರಿನಲ್ಲಿದೆ. ಅದನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲೆಗಳಿಗೆ ಮರಳಿ ತರುವ ಕಾರ್ಯವು ತಮ್ಮದು.